ಎರಡು ಗಂಟೆಗೆ ಬರೋ ನೀರು

ಅಮ್ಮ,

ಫೋನಲ್ಲಿ ಅರ್ಧಕ್ಕೇ ಕಟ್ಟಾಯ್ತಲ್ಲ, ಅದಕ್ಕೆ ಬರೀತಿದೀನಿ. ಅಪ್ಪಂಗೂ ಓದಿ ಹೇಳು, ಅವ್ರಿಗೆ ಇಷ್ಟ ಆಗೋ ವಿಷ್ಯ ಇದೆ.

ಶನಿವಾರ ಟೌಪೋಗೆ ಹೋಗಿದ್ದೆ, ನ್ಯೂಜಿಲೆಂಡಿನ ಉತ್ತರ ದ್ವೀಪದ ನಡುಮಧ್ಯ. ಅಲ್ಲಿನ ಸರೋವರ 616 ಚದರ ಕಿಲೋಮೀಟರ್, ಜ್ವಾಲಾಮುಖಿ ಸಿಡಿದು ನೆಲಾನೇ ಕುಸಿದು ಆಗಿರೋ ಗುಂಡಿ ಅದು, ಕೊನೇ ಸಲ ಜೋರಾಗಿ ಸಿಡಿದು ಸುಮಾರು 1800 ವರ್ಷ ಆಯ್ತು. ಅಲ್ಲಿಂದಾನೇ ವೈಕಾಟೋ ನದಿ ಹೊರಡೋದು. ದಂಡೇಲೇ ಕಾಲ್ದಾರಿ ಇದೆ, ಶುರೂನಲ್ಲೇ ಒಂದು ಬಿಸಿನೀರ ತೊರೆ ಬಂದು ನದಿಗೆ ಸೇರತ್ತೆ, ನಮ್ಮನೆ ಹಂಡೆ ನೀರಿನ ಥರಾನೇ ಹದ. ಕಾಲು ಇಳಿಬಿಟ್ಟು ಕೂತವ್ನಿಗೆ ಏಳೋಕೇ ಮನಸಾಗ್ಲಿಲ್ಲ, ಅದೇ ಆಮೇಲೆ ಎಡವಟ್ಟಾಯ್ತು.

ಮೂರು ಕಿಲೋಮೀಟರ್ ನಡೆದ್ರೆ ಹುಕಾ ಫಾಲ್ಸ್. 100 ಮೀಟರ್ ಅಗಲ ಇದ್ದ ನದಿ 15 ಮೀಟರ್ ಸಂದೀಲಿ ನುಗ್ಗತ್ತೆ, ಸೆಕೆಂಡಿಗೆ 2,20,000 ಲೀಟರ್ ನೀರು! ಆದ್ರೆ ಅಲ್ಲಿ ಜನ ಜಾಸ್ತಿ, ಎಲ್ಲಾರ್ದೂ ಅದೇ ಫೋಟೋ.

ನಂಗೆ ಬೇಕಾಗಿದ್ದು ಇನ್ನೂ ಏಳು ಕಿಲೋಮೀಟರ್ ಆಚೆಗಿರೋ ಅರಾಟಿಯಾಟಿಯಾ. ಅಪ್ಪ, ಕೇಳಿ, ಇಲ್ಲೂ 1964ರಲ್ಲೇ ಡ್ಯಾಮ್ ಆಗಿದ್ದು, ನಮ್ಮ ಲಿಂಗನಮಕ್ಕಿ ಥರಾನೇ. ಅದರ ಕೆಳಗಿನ ಬಂಡೆಗಳೆಲ್ಲ ಬೇಸಿಗೆ ಜೋಗದ ಹಾಗೆ ಒಣಗಿಕೊಂಡಿರತ್ತೆ, ಆದ್ರೆ ಇವ್ರು ದಿನಾ 10, 12, 2 ಗಂಟೆಗೆ, ಬೇಸಿಗೆಯಲ್ಲಿ 4ಕ್ಕೂ, ಗೇಟ್ ತೆಗೀತಾರೆ. "ಡ್ಯಾಮ್ ಕಟ್ಟಿದ್ಮೇಲೆ ಜೋಗ ಜೋಗಾನೇ ಅಲ್ಲ" ಅಂತಿದ್ರಲ್ಲ, ಇಲ್ಲಿ ನಿಂತಾಗ ಅದೇ ನೆನಪಾಯ್ತು.

ನಾನು ಮುಟ್ಟೋ ಹೊತ್ತಿಗೆ 12ರ ನೀರು ಇಳಿದುಹೋಗಿತ್ತು, ಬಿಸಿನೀರಲ್ಲಿ ಕೂತಿದ್ದಕ್ಕೆ ದಂಡ. ಚಪಾತಿ ರೋಲ್ ತಿಂದು, ಟ್ರೈಪಾಡ್ ನಿಲ್ಸಿ, ಖಾಲಿ ಬಂಡೆಗಳದ್ದು ಒಂದು ಫೋಟೋ ತಗೊಂಡು ಕಾದೆ. ಸೈರನ್ ಕೂಗ್ತು, ಮತ್ತೆ ಮತ್ತೆ ಕೂಗ್ತು. ನೀರು ಧೋ ಅಂತ ಬೀಳಲ್ಲ ಅಮ್ಮ, ಮೊದ್ಲು ಒಂದು ಹೊಂಡ ತುಂಬತ್ತೆ, ಅದರ ಅಂಚಿಂದ ಒಂದು ಎಳೆ ಇಳಿದು ಕೆಳಗಿನ ಹೊಂಡಕ್ಕೆ, ಅಲ್ಲಿಂದ ಇನ್ನೊಂದಕ್ಕೆ, ನೋಡ್ತಾ ನೋಡ್ತಾ ಕಲ್ಲೆಲ್ಲ ಮುಳುಗಿ ಬರೀ ನೊರೆ. ಶಟರ್ ನಿಧಾನ ಇಟ್ಟಿದ್ದೆ ಹಾಲಿನ ಥರ ಬರ್ಲಿ ಅಂತ, ಆ ಮಧ್ಯಾಹ್ನದ ಬಿಸಿಲಿಗೆ ಫಿಲ್ಟರ್ ಹಾಕ್ದೆ ತೆಗೆದ್ರೆ ಇನ್ನೇನಾಗತ್ತೆ, ಪೂರ್ತಿ ಬೆಳ್ಳಗಾಗಿ ಮಂಕ್ರಿ ಮಗುಚಿದ ಸುಣ್ಣದ ಥರ ಬಂತು. ಚೆನ್ನಾಗಿ ಬಂದಿದ್ದು ಆ ಮೊದಲ ಎಳೆ ಇಳೀತಿರೋದೇ, ಅದನ್ನೂ ಖಾಲಿ ಬಂಡೇದನ್ನೂ ಕಳಿಸ್ತೀನಿ, ಅಪ್ಪ ಪಕ್ಕಪಕ್ಕ ಇಟ್ಟು ನೋಡ್ಲಿ.

ಸರೋವರದ ದಡದಲ್ಲಿ ನಿಂಗೊಂದು ಕಲ್ಲು ಸಿಕ್ತು, ಹಿಮ್ಮಡಿ ಉಜ್ಜೋದು, ಅಂಗಡೀಲಿ ದುಡ್ಡು ಕೊಟ್ಟು ತರ್ತೀಯಲ್ಲ ಅದೇ, ಇಲ್ಲಿ ರಾಶಿ ಬಿದ್ದಿದೆ. ಬಚ್ಚಲಲ್ಲಿ ಬಕೆಟ್ಟಿಗೆ ಹಾಕ್ನೋಡು, ತೇಲತ್ತೆ.