ಪಂಕ್ ಹುಟ್ಟಿದ್ದು ಲಂಡನ್ನಿನಲ್ಲಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪಂಕ್ ಎಂಬ ಒರಟು, ಅಬ್ಬರದ ರಾಕ್ ಸಂಗೀತದ ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಒಂದಿಡೀ ಪುಟ ಕೊಟ್ಟಿದ್ದು ನಿಜಕ್ಕೂ ಸಂತೋಷ. ಆದರೆ ಅದರಲ್ಲಿನ ಎರಡು ಮಾತುಗಳನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಪಂಕ್ 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು ಎನ್ನುವುದು ಒಂದು. ಅದು ವಾದ್ಯ ನುಡಿಸಲು ಬಾರದವರ ಗದ್ದಲ ಎನ್ನುವುದು ಇನ್ನೊಂದು. ನಾನು ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಮಾಡಿಯೇ ಬದುಕಿದವನು. ಸ್ಪೀಕರಿನ ಹರಿದ ಕಾಗದದ ಕೋನು ಹೇಗೆ ಕೆರೆಯುತ್ತದೆ, ತಾಳಲಾರದಷ್ಟು ಸಿಗ್ನಲ್ ತುರುಕಿದರೆ ಆಂಪ್ಲಿಫೈಯರಿನ ವಾಲ್ವ್ ಹೇಗೆ ಗೊಗ್ಗರಾಗುತ್ತದೆ ಎಂಬುದು ನನ್ನ ಕಿವಿಗೆ ಚೆನ್ನಾಗಿ ಗೊತ್ತು.

ಪಂಕ್‌ನ ಬೇರು ಇರುವುದು 1960ರ ದಶಕದ ಅಮೆರಿಕದ ಗ್ಯಾರೇಜ್ ತಂಡಗಳಲ್ಲಿ. 1964ರ ಫೆಬ್ರವರಿ 9ರ ರಾತ್ರಿ ಅಮೆರಿಕದ ಟಿ.ವಿ. ಕಾರ್ಯಕ್ರಮ ಎಡ್ ಸಲಿವನ್ ಶೋನಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡ ಹಾಡಿದ್ದನ್ನು ಸುಮಾರು 7.3 ಕೋಟಿ ಜನ ನೋಡಿದರು. ನೋಡಿದ ಹುಡುಗರು ಗಿಟಾರ್ ಕೊಂಡರು, ಸಹಪಾಠಿಗಳನ್ನು ಗುಡ್ಡೆ ಹಾಕಿಕೊಂಡರು, ಅಪ್ಪನ ಕಾರು ನಿಲ್ಲುವ ಗ್ಯಾರೇಜಿನಲ್ಲಿ ತಾಲೀಮು ಶುರುಮಾಡಿದರು. ಊರೂರಿಗೂ ಒಂದೊಂದು ತಂಡ, ಕೆಲವೇ ನೂರು ಗ್ರಾಮಫೋನ್ ಪ್ಲೇಟು ಒತ್ತಿಸುವ ಸಣ್ಣ ಕಂಪನಿಗಳು, ಊರ ಹುಡುಗರ ಹಾಡನ್ನು ಹಾಕುವ ರೇಡಿಯೊ ನಿಲಯಗಳು. ಇಷ್ಟನ್ನು ಬೀಟಲ್ಸ್ ಲೆಕ್ಕಕ್ಕೆ ಬರೆಯಬಹುದು. ಆದರೆ ಅಮೆರಿಕದ ವಾಯವ್ಯ ಮೂಲೆಯ ಟಕೋಮಾ, ಸಿಯಾಟಲ್, ಪೋರ್ಟ್‌ಲೆಂಡ್ ಊರುಗಳಲ್ಲಿ ಈ ಕಿಚ್ಚು ಅದಕ್ಕೂ ಮೊದಲೇ ಹತ್ತಿತ್ತು.

1963ರ ಏಪ್ರಿಲ್‌ನಲ್ಲಿ ಪೋರ್ಟ್‌ಲೆಂಡಿನ ಕಿಂಗ್ಸ್‌ಮೆನ್ ತಂಡ ‘ಲೂಯಿ ಲೂಯಿ’ ಹಾಡನ್ನು ರೆಕಾರ್ಡ್ ಮಾಡಿತು. ಮೈಕು ತಲೆಗಿಂತ ಎಷ್ಟೋ ಎತ್ತರದಲ್ಲಿ ನೇತಾಡುತ್ತಿದ್ದರಿಂದ ಗಾಯಕ ಜ್ಯಾಕ್ ಈಲಿ ಕತ್ತೆತ್ತಿ ಕಿರುಚಬೇಕಾಯಿತು. ಪದಗಳು ಯಾರಿಗೂ ತಿಳಿಯಲಿಲ್ಲ. ಅಶ್ಲೀಲವಿರಬೇಕೆಂದು ಪೋಷಕರು ದೂರಿದರು, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ತನಿಖೆಗೆ ಇಳಿಯಿತು. ಯಾವ ವೇಗದಲ್ಲಿ ತಿರುಗಿಸಿ ಕೇಳಿದರೂ ಅರ್ಥವಾಗುವುದಿಲ್ಲ ಎಂದು ಕೊನೆಗೆ ಕೈಬಿಟ್ಟಿತು. ಗಿಟಾರ್ ಸೋಲೊ ಮುಗಿದ ಮೇಲೆ ಈಲಿ ಅವಸರಪಟ್ಟು ಒಳಬರುತ್ತಾನೆ, ತಪ್ಪೆಂದು ತಿಳಿದು ನಿಲ್ಲುತ್ತಾನೆ, ಆ ಖಾಲಿ ಜಾಗವನ್ನು ಡ್ರಮ್ ತುಂಬುತ್ತದೆ. ಆ ತಪ್ಪು ಹಾಗೇ ಪ್ಲೇಟಿನಲ್ಲಿ ಉಳಿಯಿತು, ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು.

ಈ ಹಾಡು ಕಿಂಗ್ಸ್‌ಮೆನ್ ಬರೆದದ್ದಲ್ಲ. ಬರೆದವನು ರಿಚರ್ಡ್ ಬೆರ್ರಿ ಎಂಬ ಕಪ್ಪು ಗಾಯಕ. 1957ರಲ್ಲಿ ಅವನದೇ ದನಿಯಲ್ಲಿ ಪ್ಲೇಟು ಬಂದಿತ್ತು. ಅದರ ಲಯವನ್ನು ಅವನು ಚಾ-ಚಾ-ಚಾ ಎಂಬ ಲ್ಯಾಟಿನ್ ಕುಣಿತದ ಒಂದು ಹಾಡಿನಿಂದ ಹೆಕ್ಕಿಕೊಂಡಿದ್ದ. ಕೆಲವು ನೂರು ಡಾಲರಿಗೆ ಹಕ್ಕು ಮಾರಿಕೊಂಡವನಿಗೆ ಸಲ್ಲಬೇಕಾದ ಹಣ ಸಿಕ್ಕಿದ್ದು 1980ರ ದಶಕದಲ್ಲಿ. ನಿಮ್ಮ ಲೇಖನದಲ್ಲಿ ಒಬ್ಬನೇ ಒಬ್ಬ ಕಪ್ಪು ಕಲಾವಿದನ ಹೆಸರಿಲ್ಲ. ಇದು ನನಗೆ ನೋವಾದ ಸಂಗತಿ.

ಈಗ ಸದ್ದಿನ ವಿಷಯ. 1958ರಲ್ಲಿ ಅಮೆರಿಕದ ಗಿಟಾರ್ ವಾದಕ ಲಿಂಕ್ ರೇ ತನ್ನ ಆಂಪ್ಲಿಫೈಯರಿನ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಕೊರೆದು ‘ರಂಬಲ್’ ನುಡಿಸಿದ. ಒಂದು ಪದವೂ ಇಲ್ಲದ ಆ ವಾದನವನ್ನು ಕೆಲವು ರೇಡಿಯೊ ನಿಲಯಗಳು ನಿಷೇಧಿಸಿದವು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡಿನಿಂದ ಸ್ಪೀಕರ್ ಸೀಳಿದ. ಸಿಗ್ನಲ್ ಮಿತಿಮೀರಿದಾಗ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಮೂಲ ಸ್ವರದಲ್ಲಿಲ್ಲದ ಮೇಲಿನ ಸ್ವರಾಂಶಗಳು ಹುಟ್ಟಿಕೊಳ್ಳುತ್ತವೆ. ಅಂಥ ಸದ್ದಿನಲ್ಲಿ ಗಾಂಧಾರ ಸೇರಿದ ಪೂರ್ತಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ಎಲ್ಲ ಕಲಸಿಹೋಗುತ್ತದೆ. ಷಡ್ಜ, ಪಂಚಮ ಎರಡನ್ನೇ ಹಿಡಿದರೆ ಬಂಡೆಯಂತೆ ನಿಲ್ಲುತ್ತದೆ. ಅದಕ್ಕೇ ಆ ಎರಡು ಸ್ವರದ ಕಾರ್ಡುಗಳು. ಇದನ್ನು ಕಿವಿಯಿಂದಲೇ ಕಂಡುಕೊಂಡ ಹದಿಹರೆಯದವರನ್ನು ‘ನುಡಿಸಲು ಬಾರದವರು’ ಎನ್ನುವುದು ಅನ್ಯಾಯ. ಅಂಥ ಕರಕರವನ್ನು ಯಂತ್ರದಿಂದ ತೆಗೆಯುವುದೇ ನನ್ನ ಕಸುಬು. ಬೇಕೆಂದೇ ತಂದ ಕರಕರಕ್ಕೂ ಕೆಟ್ಟ ಯಂತ್ರದ್ದಕ್ಕೂ ಇರುವ ಅಂತರ ಎಂಥದೆಂದು ಬಲ್ಲೆ.

ಬೇಕೆಂದೇ ಎನ್ನುವುದಕ್ಕೆ ಟಕೋಮಾದ ಸಾನಿಕ್ಸ್ ತಂಡಕ್ಕಿಂತ ದೊಡ್ಡ ಸಾಕ್ಷಿ ಬೇಡ. 1965ರ ಅವರ ಮೊದಲ ಆಲ್ಬಂನಲ್ಲಿ ಜೆರ್ರಿ ರೋಸ್ಲಿ ಗಂಟಲು ಹರಿಯುವಂತೆ ಚೀರುತ್ತಾನೆ. ಹಾಡುಗಳ ವಸ್ತುವೋ ಮಾಟಗಾತಿ, ಹುಚ್ಚು, ವಿಷ. ಜೊತೆಗೆ ಅದೇ ಬೆರ್ರಿಯ ಇನ್ನೊಂದು ಹಾಡೂ ಇದೆ. 1966ರ ಎರಡನೇ ಆಲ್ಬಂಗೆ ಸ್ಟುಡಿಯೊ ಹೊಕ್ಕಾಗ, ಸದ್ದು ಇನ್ನೂ ಜೀವಂತವಾಗಿ ಬರಲಿ ಎಂದು ಗೋಡೆಗೆ ಬಡಿದಿದ್ದ ಸದ್ದುನಿರೋಧಕ ಹೊದಿಕೆಯನ್ನೇ ಕಿತ್ತುಹಾಕಿದರು. ಏನು ಬೇಕೆಂದು ಇಷ್ಟು ಸ್ಪಷ್ಟವಾಗಿ ಗೊತ್ತಿದ್ದವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದರು?

ಇದು ಬರೀ ಬಿಳಿಯ ಹುಡುಗರ ಆಟವೂ ಆಗಿರಲಿಲ್ಲ. 1966ರಲ್ಲಿ ‘96 ಟಿಯರ್ಸ್’ ಹಾಡಿ ಪಟ್ಟಿಯ ತುದಿಗೇರಿದ ಮಿಶಿಗನ್ನಿನ ಮಿಸ್ಟೀರಿಯನ್ಸ್ ತಂಡದವರು ಮೆಕ್ಸಿಕೊ ಮೂಲದ ವಲಸೆ ಕೃಷಿ ಕಾರ್ಮಿಕರ ಮಕ್ಕಳು. ಪೆರು ದೇಶದ ಲಿಮಾದಲ್ಲಿ ಲಾಸ್ ಸೈಕೋಸ್ ತಂಡ 1965ರಲ್ಲೇ ರೈಲು ನಿಲ್ದಾಣ ಕೆಡವೋಣ ಎಂದು ಸ್ಪ್ಯಾನಿಷಿನಲ್ಲಿ ಅಬ್ಬರಿಸುತ್ತಿತ್ತು. ಜರ್ಮನಿಯಲ್ಲಿದ್ದ ಅಮೆರಿಕದ ಐವರು ಮಾಜಿ ಸೈನಿಕರು ಸನ್ಯಾಸಿಗಳಂತೆ ನಡುನೆತ್ತಿ ಬೋಳಿಸಿ, ಕೊರಳಿಗೆ ಹಗ್ಗ ಬಿಗಿದು, ಮಂಕ್ಸ್ ಎಂಬ ಹೆಸರಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಕೂಗಿದರು. ಲಂಡನ್ನಿನ ಪಂಕ್‌ಗೆ ಆಗ ಇನ್ನೂ ಹತ್ತು ವರ್ಷವಿತ್ತು.

1967ರ ಹೊತ್ತಿಗೆ ಅಲೆ ಇಳಿಯಿತು. ಕೆಲವರನ್ನು ಕಾಲೇಜು ಕರೆದೊಯ್ದಿತು, ಕೆಲವರನ್ನು ಸೇನೆ. 1971ರಲ್ಲಿ ವಿಮರ್ಶಕ ಡೇವ್ ಮಾರ್ಷ್ ‘ಕ್ರೀಮ್’ ಎಂಬ ಅಮೆರಿಕದ ಸಂಗೀತ ಪತ್ರಿಕೆಯಲ್ಲಿ ಪಂಕ್ ರಾಕ್ ಎಂದು ಬರೆದದ್ದು ಇದೇ ಮಿಸ್ಟೀರಿಯನ್ಸ್ ಕುರಿತು. ಮರುವರ್ಷ ಲೆನ್ನಿ ಕೇ ಇಂಥ 27 ಹಾಡುಗಳನ್ನು ‘ನಗೆಟ್ಸ್’ ಎಂಬ ಸಂಕಲನವಾಗಿ ಹೊರತಂದ; ಅವನೇ ಮುಂದೆ ನ್ಯೂಯಾರ್ಕಿನಲ್ಲಿ ಪಂಕ್ ಗಾಯಕಿ ಪ್ಯಾಟಿ ಸ್ಮಿತ್ ಜೊತೆ ಗಿಟಾರ್ ಹಿಡಿದ. 1983ರಿಂದ ಕ್ರಿಪ್ಟ್ ಎಂಬ ರೆಕಾರ್ಡ್ ಕಂಪನಿ ಮರೆತುಹೋದ ಪ್ಲೇಟುಗಳನ್ನು ಹುಡುಕಿ ಹೊರಹಾಕತೊಡಗಿತು. ಡೆಟ್ರಾಯಿಟಿನ ಗೋರೀಸ್ ತಂಡ 1986ರಲ್ಲಿ ಬೇಸ್ ಗಿಟಾರೇ ಇಲ್ಲದೆ ಎರಡು ಗಿಟಾರ್, ಒಂದು ಡ್ರಮ್ ಹಿಡಿದು ಹೊರಟಿತು. ಗ್ಯಾರೇಜ್ ಪಂಕ್ ಎಂದು ಈಗ ಕರೆಯುವುದು ಈ ಇಡೀ ಪರಂಪರೆಯನ್ನು.

ಲಂಡನ್ನಿನವರ ಪಾಲನ್ನು ನಾನು ಅಲ್ಲಗಳೆಯುತ್ತಿಲ್ಲ. ಅವರ ಉಡುಪು, ರಾಜಕೀಯ, ಸಿಟ್ಟು ಅವರದೇ. ಆದರೆ ಆ ಸದ್ದನ್ನು ಕಂಡುಕೊಂಡವರ ಹೆಸರು ಕನ್ನಡದಲ್ಲಿ ಅಚ್ಚಾಗದೆ ಹೋದರೆ, ನಿಮ್ಮ ಲೇಖನ ಓದಿ ಮೊದಲ ಸಲ ಗಿಟಾರ್ ಮುಟ್ಟುವ ಹುಡುಗ ಹುಡುಗಿಯರು ಅರ್ಧ ಕಥೆಯನ್ನೇ ಪೂರ್ತಿ ಎಂದು ನಂಬುತ್ತಾರೆ. ದಯವಿಟ್ಟು ಪುರವಣಿಯಲ್ಲಿ ಇನ್ನೊಂದು ಕಂತು ಬರೆಸಿ. ಅದು ರಿಚರ್ಡ್ ಬೆರ್ರಿಯಿಂದ ಶುರುವಾಗಲಿ, ಟಕೋಮಾ ಮತ್ತು ಲಿಮಾ ಎರಡೂ ಅದರಲ್ಲಿರಲಿ.

ಇಂತಿ,
ಧ್ವನಿವರ್ಧಕ ರಿಪೇರಿ ಕಸುಬಿನ ಒಬ್ಬ ಓದುಗ