ಬೀದಿಯ ಮರಿಗಳಿಗೂ ಬೆಚ್ಚನೆಯ ಮೂಲೆ ಬೇಕು

ಮಾನ್ಯರೇ,

ನಮ್ಮ ಬೀದರ್‌ನಲ್ಲಿ ಚಳಿ ಜಾಸ್ತಿಯಾಗಿದ್ದು, ಬೀದಿಯ ನಾಯಿ, ಬೆಕ್ಕುಗಳ ಪಾಡು ನೋಡಲಾಗುತ್ತಿಲ್ಲ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬೀದಿನಾಯಿಗಳು ಮರಿ ಹಾಕುವುದೂ ಹೆಚ್ಚಾಗಿ ಚಳಿಗಾಲದಲ್ಲೇ. ಹುಟ್ಟಿದ ಮೊದಲ 2 ವಾರ ಮರಿಗಳಿಗೆ ಮೈಯ ಶಾಖವನ್ನು ತಾವೇ ಕಾಪಾಡಿಕೊಳ್ಳಲು ಆಗುವುದಿಲ್ಲ. ತಾಯಿ ಅನ್ನ ಹುಡುಕಿಕೊಂಡು ಹೋದಾಗ ಒಂದಕ್ಕೊಂದು ಅಂಟಿಕೊಂಡು ಮಲಗುತ್ತವೆ. ಮೊನ್ನೆ ಬೆಳಗ್ಗೆ ನಮ್ಮ ಓಣಿಯ ಚರಂಡಿ ಪಕ್ಕ ಹಾಗೆ ಮಲಗಿದ್ದ 4 ಮರಿಗಳಲ್ಲಿ ಅಂಚಿನಲ್ಲಿದ್ದ ಒಂದು ಸೆಟೆದುಕೊಂಡಿತ್ತು. ತಾಯಿ ಅದನ್ನು ನೆಕ್ಕುತ್ತಲೇ ಇತ್ತು.

ಹಳೇ ಬಟ್ಟೆ ಹಾಸಿದರೆ ಸಾಕು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಬಟ್ಟೆ ಇಬ್ಬನಿಗೆ ಒದ್ದೆಯಾಗಿ ಇನ್ನಷ್ಟು ತಣ್ಣಗಾಗುತ್ತದೆ. ಅದಕ್ಕಿಂತ ಒಣಹುಲ್ಲು ಒಳ್ಳೆಯದು. ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟಿಗೆಗಳ ಮೇಲಿಟ್ಟು, ಒಳಗೆ ಹುಲ್ಲು ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಆಯಿತು. ದೊಡ್ಡ ಖರ್ಚೇನೂ ಇಲ್ಲ.

ಬೆಕ್ಕುಗಳು ಬಿಸಿ ಹುಡುಕಿ ಕಾರಿನ ಬಾನೆಟ್ ಒಳಗೆ ಸೇರಿಕೊಳ್ಳುತ್ತವೆ. ಬೆಳಗ್ಗೆ ಗಾಡಿ ಶುರು ಮಾಡುವ ಮೊದಲು ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಿ.

ಸಂಕ್ರಾಂತಿ ಕಳೆಯುವವರೆಗಾದರೂ ಪ್ರತಿ ಓಣಿಯವರು ಇಂಥ ಒಂದೆರಡು ಪೆಟ್ಟಿಗೆ ಇಡಲಿ. ಅವನ್ನು ಕಸವೆಂದು ಎತ್ತಿಕೊಂಡು ಹೋಗದಂತೆ ಕಸದ ಗಾಡಿಯವರಿಗೆ ಸ್ಥಳೀಯ ಆಡಳಿತ ತಿಳಿಸಲಿ.

– ಓದುಗ, ಬೀದರ್