ಶಾಸಕರೇ, ಆ ಕಲ್ಲಿಗೊಂದು ಬೇಲಿ ಹಾಕಿಸಿ

ಮಾನ್ಯ ಶಾಸಕರೇ,

ಊರಾಚೆ ಸಿಕ್ಕಿದ ನಿಂತ ಕಲ್ಲಿಗೆ ಬೇಲಿ ಮತ್ತು ಫಲಕ ಬೇಕೆಂದು ಕೊಟ್ಟ ಅರ್ಜಿಗಳು ತಮ್ಮ ಕಚೇರಿಯಲ್ಲೇ ಎಲ್ಲೋ ಇರಬೇಕು. ಅವನ್ನು ಹುಡುಕಿಸುವ ಶ್ರಮ ತಮಗೆ ಬೇಡವೆಂದು ಈಗ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ರಸ್ತೆ ಅಗಲಿಸಲು ಜಾಲಿ ಪೊದೆ ಕಿತ್ತಾಗ ಕಂಡ ಕಲ್ಲದು. ಕಣಶಿಲೆಯ ದೊಡ್ಡ ಚಪ್ಪಡಿ; ಎರಡೂ ಬದಿ ಕೆತ್ತಿ ಭುಜ ಬಿಡಿಸಿದ್ದಾರೆ, ಮೇಲೆ ಗುಂಡನೆಯ ತಲೆ. ಕಣ್ಣು, ಬಾಯಿ, ಕೈ ಯಾವುದೂ ಇಲ್ಲ. ಜೆಸಿಬಿಯವನು ಅದನ್ನು ಉರುಳಿಸುವವನೇ ಇದ್ದ. ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಅಡ್ಡ ನಿಂತು ಬೈದು ಉಳಿಸಿದರು. ಆಕೆಗೆ ಸಂಬಳವಿಲ್ಲ, ಸರ್ಕಾರಿ ವಾಹನವೂ ಇಲ್ಲ. ಕೂಡ್ಲಿಗಿ ತಾಲ್ಲೂಕಿನ ಕುಮತಿಯ ಮಾನವಾಕೃತಿ ಕಲ್ಲುಗಳನ್ನು ನೋಡಿದವರಿಗೆ ಹೋಲಿಕೆ ತಟ್ಟನೆ ಹೊಳೆಯುತ್ತದೆ. ಅವು ಬೃಹತ್ ಶಿಲಾ ಸಂಸ್ಕೃತಿಯವು, ಅಂದರೆ ಸಮಾಧಿ, ಸ್ಮಾರಕಗಳಿಗೆ ಭಾರಿ ಕಲ್ಲು ನಿಲ್ಲಿಸುತ್ತಿದ್ದ ಪ್ರಾಚೀನ ಜನರವು; ನಮ್ಮ ಗುಡಿಗಳಿಗಿಂತ, ಶಾಸನಗಳಿಗಿಂತ ಹಳೆಯವು. ನಮ್ಮದು ಆ ಬಳಗದ್ದು ಹೌದೋ ಅಲ್ಲವೋ ತಜ್ಞರು ಬಂದು ಹೇಳಲಿ. ಬರಬೇಕಲ್ಲ!

ಬಂದವರು ಯಾರೆಂದರೆ ತಮ್ಮ ಅಭಿಮಾನಿಗಳು. ತಮ್ಮ ಹುಟ್ಟುಹಬ್ಬದ ಫ್ಲೆಕ್ಸಿಗೆ ಕಂಬ ಸಿಗಲಿಲ್ಲವಂತೆ. ಕಲ್ಲಿನ ಭುಜಕ್ಕೆ ತಂತಿ ಬಿಗಿದು, ಎದೆಗೆ ಸುಣ್ಣ ಬಳಿದು, ಕೆಂಪು ಬಣ್ಣದಲ್ಲಿ ತಮ್ಮ ಹೆಸರು ಬರೆದರು. ತಡೆಯಲು ಹೋದ ನನಗೆ, ‘ಕಲ್ಲಿಗಿಲ್ಲದ ನೋವು ನಿನಗೇಕೆ’ ಎಂಬ ಉತ್ತರ ಸಿಕ್ಕಿತು. ಕಲ್ಲಿಗೆ ಬಾಯಿಲ್ಲ ಎಂದು ಮೇಲೆಯೇ ಬರೆದಿದ್ದೇನೆ, ನನಗಿದೆ.

ಮರುವಾರ ನಿಧಿಗಳ್ಳರ ಸರದಿ. ರಾತ್ರೋರಾತ್ರಿ ಬುಡ ಅಗೆದು, ಲಿಂಬೆಹಣ್ಣು, ಕುಂಕುಮ ಚೆಲ್ಲಿ ಹೋದರು. ಚಿನ್ನ ಸಿಗದ ಸಿಟ್ಟಿಗೆ, ಅಲ್ಲಿ ಸಿಕ್ಕ ಹಳೆಯ ಕಪ್ಪು-ಕೆಂಪು ಮಡಕೆಗಳನ್ನು ಒಡೆದು ಎಸೆದಿದ್ದರು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಅಗೆಸಿ, ಇಂಥ ಮಡಕೆಗಳಿಂದಲೇ ದಕ್ಷಿಣ ಭಾರತದ ಪೂರ್ವೇತಿಹಾಸಕ್ಕೆ ಕಾಲಕ್ರಮ ಕಟ್ಟಿದರು. ನಮ್ಮಲ್ಲಿ ಆ ಕೆಲಸ ಹಾರೆ ಹಿಡಿದ ಕುಡುಕರ ಪಾಲಾಯಿತು. ದೂರು ಕೊಡಲು ಹೋದರೆ, ‘ಕಳುವಾದ ವಸ್ತುವಿನ ಬೆಲೆ ಎಷ್ಟು?’ ಎಂದು ಕೇಳಿದರು.

1961ರ ರಾಜ್ಯ ಸ್ಮಾರಕ ಸಂರಕ್ಷಣಾ ಕಾಯ್ದೆ ತಮಗೆ ತಿಳಿಯದ್ದೇನಲ್ಲ. ಶಾಸನ ಮಾಡುವ ಸಭೆಯಲ್ಲೇ ಕೂರುತ್ತೀರಿ. ಇದೇ ಸಂಸ್ಕೃತಿಯ ಕಲ್ಲಿನ ಸಮಾಧಿಗಳಿರುವ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ನಾವು ಯುನೆಸ್ಕೊ ಕೇಳುತ್ತಿಲ್ಲ. ಬೇಲಿ ಕೇಳುತ್ತಿದ್ದೇವೆ. ಒಂದು ಫಲಕ ಕೇಳುತ್ತಿದ್ದೇವೆ. ಪುರಾತತ್ತ್ವ ಇಲಾಖೆಗೆ ತಮ್ಮ ಸಹಿಯಿರುವ ಒಂದು ಪತ್ರ ಕೇಳುತ್ತಿದ್ದೇವೆ. ಮೊದಲು ಬೇಲಿ, ಮಿಕ್ಕದ್ದು ಆಮೇಲಾದರೂ ಆದೀತು. ಮಳೆಗಾಲಕ್ಕೆ ಮುಂಚೆ ನಿಧಿಗಳ್ಳರ ಆ ಗುಂಡಿ ಮುಚ್ಚದಿದ್ದರೆ ಕಲ್ಲು ವಾಲುತ್ತದೆ, ಆದ್ದರಿಂದ ಅದನ್ನು ಮುಚ್ಚಿಸಿ ಬೇಲಿ ಬೇಗ ಹಾಕಿಸಿ.

ಉದ್ಘಾಟನೆಗೆ ತಾವೇ ಬನ್ನಿ, ಹಾರ ತರುತ್ತೇವೆ. ಫಲಕದ ಮೇಲೆ ತಮ್ಮ ಹೆಸರು ಎಷ್ಟು ದೊಡ್ಡದಾಗಿ ಬೇಕಾದರೂ ಇರಲಿ, ಅಭ್ಯಂತರವಿಲ್ಲ. ಕಲ್ಲಿನ ಮೇಲಿರುವುದನ್ನು ಮಾತ್ರ, ಬಲ್ಲವರನ್ನು ಕರೆಸಿ, ಅಳಿಸಿ.

ಇತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ